ಪಂದ್ಯದ ಟಿಕೆಟ್ಟೇ ರೈಲಿನ ಟಿಕೆಟ್
ಪ್ರಶ್ನೆ: ದೊಡ್ಡ ಪಂದ್ಯಾವಳಿಗಳಿಂದ ಇಂಗಾಲ ಹೆಚ್ಚು ಹೊಮ್ಮುವುದು ಎಲ್ಲಿಂದ? ತಗ್ಗಿಸಲು ಸಾಧ್ಯವೇ?

ಉತ್ತರ: ಸಾಮಾನ್ಯವಾಗಿ ದೊಡ್ಡ ಪಾಲು ಕ್ರೀಡಾಂಗಣದ ದೀಪಗಳದ್ದಲ್ಲ, ಪ್ರಯಾಣದ್ದು, ಅದರಲ್ಲೂ ವಿಮಾನ, ಕಾರುಗಳದ್ದು. ಖಂಡಿತ ತಗ್ಗಿಸಬಹುದು. 2024ರಲ್ಲಿ ಜರ್ಮನಿಯಲ್ಲಿ ನಡೆದ ಯೂರೋ ಫುಟ್‌ಬಾಲ್ ಟೂರ್ನಿಯನ್ನೇ ನೋಡಿ. ಟಿಕೆಟ್ ಕೊಂಡವರು ಪಂದ್ಯದ ದಿನ ಬೆಳಿಗ್ಗೆ 6ರಿಂದ ಮರುದಿನ ಸಂಜೆ 6ರವರೆಗೆ, ಅಂದರೆ 36 ಗಂಟೆ, ಸ್ಥಳೀಯ ಬಸ್ಸು, ಟ್ರಾಮ್, ರೈಲುಗಳಲ್ಲಿ ಉಚಿತವಾಗಿ ಓಡಾಡಬಹುದಿತ್ತು. ಗುಂಪು ಹಂತದ ಪಂದ್ಯಗಳನ್ನು ಆದಷ್ಟು ಹತ್ತಿರದ ನಗರಗಳಲ್ಲೇ ಹೊಂದಿಸಿ, ತಂಡಗಳ ಮತ್ತು ಅಭಿಮಾನಿಗಳ ಅಲೆದಾಟವನ್ನೂ ಕಡಿಮೆ ಮಾಡಿದ್ದರು.

ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಪಕ್ಕದಲ್ಲೇ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣವಿದೆ. ಕೊನೆಯ ಓವರ್ ಮುಗಿದ ಮೇಲೂ ರೈಲು ಸಿಗಲೆಂದು ಐಪಿಎಲ್ ರಾತ್ರಿಗಳಲ್ಲಿ ಸಂಚಾರದ ಅವಧಿ ವಿಸ್ತರಿಸಿದ್ದೂ ಉಂಟು. ಮುಂದಿನ ಸಲ ಪಂದ್ಯಕ್ಕೆ ಹೊರಟಾಗ ಕಾರಿನ ಕೀಲಿಯನ್ನು ಮನೆಯಲ್ಲೇ ಬಿಡಿ.