ಧ್ಯಾನ ಸರಿ, ಯಾವುದರ ಧ್ಯಾನ?

ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರ್‌ನಲ್ಲಿ ನಿರ್ಣಯವೊಂದನ್ನು ಅಂಗೀಕರಿಸಿ, ಪ್ರತಿವರ್ಷದ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿತು. ಲೀಕ್ಟನ್‌ಸ್ಟೈನ್ ಮಂಡಿಸಿದ ಈ ನಿರ್ಣಯದ ಬೆನ್ನಿಗೆ ಭಾರತ, ಶ್ರೀಲಂಕಾ, ನೇಪಾಳಗಳ ಜತೆಗೆ ಮೆಕ್ಸಿಕೊ ಮತ್ತು ಅಂಡೋರಾ ದೇಶಗಳೂ ನಿಂತಿದ್ದವು. ಮೆಕ್ಸಿಕೊದ ಜನ ಆಡುವುದು ಸ್ಪ್ಯಾನಿಷ್; ಅಂಡೋರಾದ ಅಧಿಕೃತ ಭಾಷೆ ಕ್ಯಾಟಲಾನ್. ಎರಡರಲ್ಲೂ ಧ್ಯಾನಿಸುವುದಕ್ಕೆ ಇರುವ ಕ್ರಿಯಾಪದ ಒಂದೇ: 'ಮೆದಿತಾರ್'. ನಾವು 'ಧ್ಯಾನಿಸು' ಎಂದೆವು, ಅವರು 'ಮೆದಿತಾರ್' ಎಂದರು, ಕೈಕುಲುಕಿದ್ದಾಯಿತು. ಆದರೆ ಈ ಎರಡು ಪದಗಳು ನಿಜಕ್ಕೂ ಒಂದೇ ಮಾತನ್ನು ಹೇಳುತ್ತಿದ್ದವೇ?

ಲ್ಯಾಟಿನ್ನಿನ 'ಮೆದಿತಾರಿ' ಎಂಬ ಧಾತು ಇಟಾಲಿಯನ್ನಿನಲ್ಲಿ 'ಮೆದಿತಾರೆ', ಫ್ರೆಂಚಿನಲ್ಲಿ 'ಮೆದಿತೇ', ರುಮೇನಿಯನ್ನಿನಲ್ಲಿ 'ಮೆದಿತಾ' ಆಗಿ ಉಳಿದಿದೆ. ಈ ರೂಪಗಳನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಜನರ ಬಾಯಲ್ಲಿ ಸವೆದು ಬಂದ ಲ್ಯಾಟಿನ್ ಪದಗಳು ಫ್ರೆಂಚಿನಲ್ಲಿ ಗುರುತು ಸಿಗದಂತೆ ಬದಲಾಗಿವೆ. ಬದುಕು ಎಂಬರ್ಥದ 'ವೀತಾ' ಅಲ್ಲಿ ಬರಿಯ 'ವೀ' ಆಗಿದೆ. 'ಮೆದಿತಾರಿ' ಮಾತ್ರ ತನ್ನ ದಕಾರ ತಕಾರಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಕಾರಣವಿಷ್ಟೆ: ಅದು ಬೀದಿಯಲ್ಲಿ ನಡೆದು ಬಂದದ್ದಲ್ಲ, ಪಂಡಿತರು ಪುಸ್ತಕದಿಂದ ಎತ್ತಿಕೊಂಡದ್ದು. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದು ತತ್ಸಮ. ಕನ್ನಡದ ಕಥೆ ಬೇರೆ. ಸಂಸ್ಕೃತದ 'ಧ್ಯಾನ' ನಮ್ಮಲ್ಲಿ ತತ್ಸಮವಾಗಿಯೂ ಉಳಿಯಿತು, ಹಳಗನ್ನಡದಲ್ಲಿ 'ಜಾನ', 'ಜಾನಿಸು' ಎಂದು ತದ್ಭವವಾಗಿಯೂ ನೆಲೆ ಕಂಡಿತು. ಇದೇ ಪದ ಪಾಳಿಯಲ್ಲಿ 'ಝಾನ'ವಾಗಿ, ಚೀನಾದಲ್ಲಿ 'ಚಾನ್' ಆಗಿ, ಜಪಾನಿನಲ್ಲಿ 'ಝೆನ್' ಆಯಿತು.

ಅರ್ಥದ ವಿಷಯ ಇನ್ನೂ ಕುತೂಹಲಕರ. ಲ್ಯಾಟಿನ್ನಿನಲ್ಲಿ 'ಮೆದಿತಾರಿ' ಎಂದರೆ ಕಣ್ಣು ಮುಚ್ಚಿ ಕೂಡುವುದಲ್ಲ. ಒಂದು ವಿಷಯವನ್ನು ಮನಸ್ಸಿನಲ್ಲಿ ಹೊರಳಿಸಿ ನೋಡುವುದು, ಯೋಜಿಸುವುದು, ಮತ್ತೆ ಮತ್ತೆ ಅಭ್ಯಾಸ ಮಾಡುವುದು. ವರ್ಜಿಲ್ ಕವಿಯ ಮೊದಲ ಗೋಪಗೀತೆಯಲ್ಲಿ ಮರದ ನೆರಳಲ್ಲಿ ಒರಗಿದ ದನಗಾಹಿಯೊಬ್ಬ ಕೊಳವೆಯ ವಾದ್ಯದಲ್ಲಿ ಹಾಡು ಹದಗೊಳಿಸುತ್ತಿರುತ್ತಾನೆ. ಅಲ್ಲಿ ಕವಿ ಬಳಸಿದ ಕ್ರಿಯಾಪದ ಇದೇ. ಮುಂದೆ ಬೈಬಲ್ಲಿನ ಲ್ಯಾಟಿನ್ ಅನುವಾದದಲ್ಲಿ, ಗುಣುಗುಟ್ಟು ಎಂಬರ್ಥದ ಹೀಬ್ರೂ ಪದಕ್ಕೆ ಈ ಪದವೇ ಒದಗಿತು. ಮಧ್ಯಯುಗದ ಸನ್ಯಾಸಿಗಳು ಧರ್ಮವಾಕ್ಯವನ್ನು ಬಾಯಲ್ಲಿ ಮೆಲ್ಲಗೆ ನುಡಿಯುತ್ತ ಜೀರ್ಣಿಸಿಕೊಳ್ಳುತ್ತಿದ್ದುದು ಹೀಗೆಯೇ. ಹನ್ನೆರಡನೆಯ ಶತಮಾನದ ಎರಡನೆಯ ಗೀಗೊ ಎಂಬ ಸನ್ಯಾಸಿ ಸಾಧನೆಗೆ ನಾಲ್ಕು ಮೆಟ್ಟಿಲು ಹೇಳಿದ: ಓದು, 'ಮೆದಿತಾತಿಯೊ', ಪ್ರಾರ್ಥನೆ, ಕೊನೆಗೆ ದರ್ಶನ. ನಮ್ಮ ಶ್ರವಣ, ಮನನ, ನಿದಿಧ್ಯಾಸನಗಳ ಪಕ್ಕದಲ್ಲಿಟ್ಟರೆ 'ಮೆದಿತಾತಿಯೊ'ಗೆ ಹೊಂದುವುದು ಮನನವೇ ಹೊರತು ಧ್ಯಾನವಲ್ಲ. 1641ರಲ್ಲಿ ಡೆಕಾರ್ಟ್ ಪ್ರಕಟಿಸಿದ ಆರು 'ಧ್ಯಾನ'ಗಳಲ್ಲಿಯೂ ಇರುವುದು ಮನಸ್ಸನ್ನು ಬರಿದುಗೊಳಿಸುವ ಯತ್ನವಲ್ಲ, ಸಂದೇಹ ಮತ್ತು ತರ್ಕ.

ಭಾರತೀಯ ಗ್ರಂಥಗಳು ಯುರೋಪಿನ ಭಾಷೆಗಳಿಗೆ ಅನುವಾದಗೊಳ್ಳತೊಡಗಿದ ಮೇಲೆ 'ಧ್ಯಾನ'ಕ್ಕೆ ಈ ಪದವನ್ನು ಜೋಡಿಸಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಹೊಸ ಅರ್ಥವೇ ಹಳೆಯದನ್ನು ಹಿಂದಿಕ್ಕಿತು. ಈಗ ಅದೇ ಪದ ಇಂಗ್ಲಿಷಿನ ಮೂಲಕ ನಮ್ಮ ಮನೆಗೆ ಮರಳಿದೆ. ನಗರದ ನಾವು 'ಧ್ಯಾನಿಸುತ್ತೇನೆ' ಎನ್ನುವುದಿಲ್ಲ, 'ಮೆಡಿಟೇಶನ್ ಮಾಡುತ್ತೇನೆ' ಎನ್ನುತ್ತೇವೆ.

ಈ ಸುತ್ತುಪ್ರಯಾಣದಲ್ಲಿ ಒಂದು ವಸ್ತು ಕಳೆದುಹೋಗಿದೆ. ಅದು ಕರ್ಮಪದ. ಲ್ಯಾಟಿನ್ನಿನ ಮಗುವಾದ ಈ ಕ್ರಿಯಾಪದಕ್ಕೆ ಹಿಂದೆ 'ಏನನ್ನು?', 'ಯಾವುದರ ಬಗ್ಗೆ?' ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು. ಕನ್ನಡದ 'ಧ್ಯಾನಿಸು'ವಿಗೂ ಬೇಕಿತ್ತು. ಇಂದಿನ 'ಮೆಡಿಟೇಶನ್‌'ಗೆ ಅದರ ಗೊಡವೆ ಇಲ್ಲ. ಇಪ್ಪತ್ತು ನಿಮಿಷ ಮಾಡಿದರೆ ಸಾಕು, ಏನನ್ನು ಎಂದು ಯಾರೂ ಕೇಳುವುದಿಲ್ಲ.

ಕೇಳುವ ಜನ ಇನ್ನೂ ಇದ್ದಾರೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಅನ್ಯಮನಸ್ಕನಾಗಿ ಕುಳಿತವನನ್ನು ಹಿರಿಯರು ವಿಚಾರಿಸುವ ಪರಿ ಹೀಗೆ: "ಯಾವ ದ್ಯಾನ್ದಾಗಿದ್ದೀಯಪ್ಪಾ?" ಈ ಸೀಮೆಯ ಓಡಾಟದಲ್ಲಿ ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಧ್ಯಾನವೆಂದಮೇಲೆ ಅದು ಯಾವುದರದೋ ಇರಲೇಬೇಕು ಎಂಬ ತಿಳಿವಳಿಕೆ ಆ ಪ್ರಶ್ನೆಯೊಳಗೇ ಇದೆ. ಹುಡುಗನಿಗೆ ಆಟದ ಧ್ಯಾನ, ತವರಿನಿಂದ ಬಂದವಳಿಗೆ ತವರಿನ ಧ್ಯಾನ, ಕಡಲೆಕಾಯಿ ಬಿತ್ತಿದವನಿಗೆ ಮಳೆಯ ಧ್ಯಾನ. ಮೂರು ಕಡೆ ಆಂಧ್ರ ಸುತ್ತುವರಿದಂತಿರುವ ಪಾವಗಡದಲ್ಲಿ ತೆಲುಗು ಮನೆಮಾತಾದವರು ಬಹಳ. ಅವರು ಗಮನವಿಡು ಎನ್ನುವುದಕ್ಕೆ 'ಧ್ಯಾಸ ಪೆಟ್ಟು' ಎನ್ನುತ್ತಾರೆ. ಮೊಗಲರ ಕಾಲದಲ್ಲಿ ಪ್ರಾಂತ್ಯದ ರಾಜಧಾನಿಯಾಗಿದ್ದ ಶಿರಾದ ಉರ್ದು ಮನೆಗಳಲ್ಲಿಯೂ ಗಮನಕ್ಕೆ 'ಧ್ಯಾನ್' ಎಂಬ ಮಾತಿದೆ. ಮೂರು ನುಡಿಗಳಲ್ಲಿಯೂ ಅದು ಮಠ, ಗುಹೆಗಳ ಸ್ವತ್ತಲ್ಲ. ಹೊಲ, ಅಂಗಡಿ, ಒಲೆಗಳ ಬಳಿ ಸಲ್ಲುವ ನಾಣ್ಯ.

ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನನ್ನು 'ಗಣೆ' ಎಂಬ ಉದ್ದನೆಯ ಕೊಳಲಿನೊಡನೆ ಹಾಡುತ್ತಾರೆ. ಇಡೀ ಕಾವ್ಯ ಕಂಠದಲ್ಲಿರಬೇಕು, ಉಸಿರು ಗಣೆಯ ಅಳತೆಗೆ ಒಗ್ಗಬೇಕು; ವರ್ಷಗಟ್ಟಲೆ ನುಡಿಸಿ, ಗುಣುಗಿ, ತಿದ್ದಿಕೊಳ್ಳದೆ ಅದು ಒಲಿಯುವುದಿಲ್ಲ. ವರ್ಜಿಲನ ದನಗಾಹಿ ಮಾಡುತ್ತಿದ್ದುದು ಇದನ್ನೇ ಅಲ್ಲವೆ? ರುಮೇನಿಯಾದಲ್ಲಿ ಮಕ್ಕಳ ಮನೆಪಾಠವನ್ನು 'ಮೆದಿತಾತ್ಸಿ' ಎನ್ನುತ್ತಾರೆಂದರೆ ನಮಗೆ ನಗು ಬರಬಹುದು. ಆದರೆ ಅಭ್ಯಾಸವೆಂಬ ಮೂಲಾರ್ಥವನ್ನು ನೆನಪಿಟ್ಟುಕೊಂಡಿರುವ ಭಾಷೆ ಅದು. ಅಂತೆಯೇ 'ಮೆಡಿಟೇಶನ್' ಮತ್ತು 'ಮೆಡಿಸಿನ್' ಒಂದೇ ಬೇರಿನ ಚಿಗುರುಗಳೆಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಅಳೆದು ನೋಡಿ ತಕ್ಕ ಕ್ರಮ ಕೈಗೊಳ್ಳುವುದು ಆ ಬೇರಿನ ಅರ್ಥ. ಸಿದ್ಧರ ಗುಹೆಗೂ ಔಷಧಿಯ ಮೂಲಿಕೆಗಳಿಗೂ ಒಟ್ಟಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದ ಜನರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವುದರ ಧ್ಯಾನ ಎಂಬ ಪ್ರಶ್ನೆ ಏಕೆ ಮುಖ್ಯವೆಂಬುದನ್ನು ಜೈನರು ಸ್ಪಷ್ಟವಾಗಿ ಕಂಡಿದ್ದರು. ತತ್ತ್ವಾರ್ಥಸೂತ್ರ ಧ್ಯಾನವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಕಳೆದುಕೊಂಡದ್ದನ್ನೇ ನೆನೆನೆನೆದು ಕೊರಗುವುದೂ ಧ್ಯಾನವೇ, ಹಿಂಸೆಯನ್ನು ಮನಸ್ಸಿನಲ್ಲಿ ಮಸೆಯುವುದೂ ಧ್ಯಾನವೇ. ಏಕಾಗ್ರತೆ ತನ್ನಷ್ಟಕ್ಕೆ ಪುಣ್ಯವಲ್ಲ. ಇಟಾಲಿಯನ್ನರು ಸೇಡಿಗೆ ಹೊಂಚು ಹಾಕುವುದನ್ನೂ 'ಮೆದಿತಾರೆ' ಎನ್ನುತ್ತಾರೆ. ನ್ಯಾಯಾಲಯಗಳಲ್ಲಿ ಪೂರ್ವಯೋಜಿತ ಕೊಲೆಗೆ ಬಳಸುವ ಇಂಗ್ಲಿಷ್ ಪದದಲ್ಲಿಯೂ ಅದೇ ಧಾತುವಿದೆ. ಅದು ಅಚ್ಚ ರೌದ್ರಧ್ಯಾನ. ನಮ್ಮ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮೊಬೈಲ್ ತೆರೆಯ ಮೇಲೆ ಕಣ್ಣಿಟ್ಟು ಯಾರನ್ನೋ ದ್ವೇಷಿಸುತ್ತ ಕೂರುವುದನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ಓದುಗರೇ ನಿರ್ಧರಿಸಲಿ. ಅದರ ನಡುವೆ ಇಪ್ಪತ್ತು ನಿಮಿಷದ 'ಮೆಡಿಟೇಶನ್' ಇಟ್ಟುಕೊಂಡರೆ ಮಿಕ್ಕ ಹೊತ್ತಿನ ಧ್ಯಾನ ಶುದ್ಧವಾಗಿಬಿಡುವುದೇ?

ಧ್ಯಾನದ ವಸ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್. ಮೇಲಿನಿಂದ ಬೀಳುವ ಮಳೆ ಅಷ್ಟಕ್ಕಷ್ಟೆ. ತಲೆಮಾರುಗಳಿಂದ ಮೋಡದ ಧ್ಯಾನದಲ್ಲಿದ್ದ ರೈತರ ಸುಮಾರು 13,000 ಎಕರೆ ನೆಲ ಈಗ ಗುತ್ತಿಗೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿನಲ್ಲಿದೆ. ಆ ನೆಲಕ್ಕೆ ಬೇಕಾದುದು ಮೋಡವಲ್ಲ, ಬಿಸಿಲು. ಗುತ್ತಿಗೆಯ ಹಣ ಕೈಗೆ ಬಂದಿರಬಹುದು. ಆದರೆ ಬಿತ್ತನೆಯ ಧ್ಯಾನದ ಜಾಗದಲ್ಲಿ ಯಾವುದು ಬಂದು ಕೂತಿದೆ ಎಂಬುದನ್ನು ಯಾವ ಕಡತವೂ ದಾಖಲಿಸುವುದಿಲ್ಲ.

ಸಂಸ್ಕೃತವೂ ಬೇಡ, ಲ್ಯಾಟಿನ್ನೂ ಬೇಡ ಎಂದರೆ ಕನ್ನಡಕ್ಕೆ ಅದರದೇ ಆದ ಒಂದು ಕ್ರಿಯಾಪದವಿದೆ: 'ನೆನೆ'. ದೇವರನ್ನು ನೆನೆಯುವುದೂ, ಸತ್ತವರನ್ನು ನೆನೆಯುವುದೂ, ಉಪಕಾರ ಮಾಡಿದವರನ್ನು ನೆನೆಯುವುದೂ ಅದರಿಂದಲೇ. ಕಾಳು ನೀರಿನಲ್ಲಿ ನೆನೆಯುವುದೂ ಮಾತಿಗೆ ಅದೇ. ಮೂಲದಲ್ಲಿ ಇವೆರಡು ಬೇರೆ ಪದಗಳು. ತಮಿಳಿನಲ್ಲಿ ಇಂದಿಗೂ 'ನಿನೈ', 'ನನೈ' ಎಂದು ಬೇರೆಯಾಗಿಯೇ ಇವೆ. ಕನ್ನಡದ ಬಾಯಿ ಎರಡನ್ನೂ ಒಂದಾಗಿಸಿತು, ಅದು ಕನ್ನಡಿಗರ ಭಾಗ್ಯ. ಯಾವುದನ್ನು ನೆನೆಯುತ್ತೇವೆಯೋ ಅದರಲ್ಲಿಯೇ ನೆನೆಯುತ್ತೇವೆ, ಅದರ ಬಣ್ಣ, ಅದರ ವಾಸನೆ ನಮಗೆ ಹತ್ತುತ್ತದೆ.

ಡಿಸೆಂಬರ್ 21ರಂದು ಶಾಲೆಗಳಲ್ಲಿ, ಕಚೇರಿಗಳಲ್ಲಿ ಕಣ್ಣು ಮುಚ್ಚಿ ಕೂಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಮನಸ್ಸು ತುಸು ತಣ್ಣಗಾದರೆ ಯಾರಿಗೆ ನಷ್ಟ? ಆದರೆ ಮಕ್ಕಳಿಗೆ ಧ್ಯಾನ ಕಲಿಸುವವರು ಪದದ ಕರ್ಮವನ್ನೂ ಕಲಿಸಬೇಕು. ಎಷ್ಟು ಹೊತ್ತು ಎಂಬ ಲೆಕ್ಕ ಆಮೇಲಿನದು. ಯಾವುದರ ಧ್ಯಾನ ಎಂಬುದು ಮೊದಲಿನ ಪ್ರಶ್ನೆ.