ಹತ್ತು ವರ್ಷ ಕಾದ ವೈನ್: ಒಂದು ಹಣ್ಣಾಯ್ತು, ಇನ್ನೊಂದು ಹುಳಿಯಾಯ್ತು

ಕಾರ್ಕ್ ಅರ್ಧಕ್ಕೇ ಮುರಿಯಿತು. ಉಳಿದರ್ಧ ಪುಡಿಪುಡಿಯಾಗಿ ಬಾಟಲಿಯೊಳಗೆ ಬಿತ್ತು. ಹೆಂಡತಿ ನನ್ನ ಮುಖ ನೋಡಿದಳು, ನಾನು ಬಾಟಲಿ ನೋಡಿದೆ.

ನಮ್ಮ ಮದುವೆಗೆ ಗೆಳೆಯ ಕೊಟ್ಟಿದ್ದ ರೆಡ್ ವೈನ್ ಅದು. "ಈಗ್ಲೇ ತೆಗೀಬೇಡ್ರಪ್ಪಾ, ಹತ್ತು ವರ್ಷ ಆದ್ಮೇಲೆ ತೆಗೀರಿ" ಅಂತ ಕೈಗಿಟ್ಟಿದ್ದ. ಈ ಹತ್ತು ವರ್ಷದಲ್ಲಿ ಎಷ್ಟೋ ಸಲ ಜಗಳ ಆಡಿದ್ದೇವೆ, ಮೂರು ಸಲ ಮನೆ ಬದಲಾಯಿಸಿದ್ದೇವೆ. ಬಾಟಲಿ ಮಾತ್ರ ಮುಟ್ಟಿರಲಿಲ್ಲ.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಎಲ್ಲಾದರೂ ಒಡೆದೀತು ಅಂತ ಅದನ್ನು ಪಟ್ಟದಕಲ್ಲಿನ ಹತ್ತಿರ ಇರೋ ನಮ್ಮೂರ ಮನೆಗೆ ತಂದಿಟ್ಟಿದ್ದೆ. ಅವ್ವ ಬೈಯುತ್ತಲೇ ಅಟ್ಟದ ಮೇಲೆ, ಉಪ್ಪಿನಕಾಯಿ ಭರಣಿಗಳ ಪಕ್ಕ ನೆಟ್ಟಗೆ ನಿಲ್ಲಿಸಿದ್ದಳು. ಅಟ್ಟದ ಮೇಲೆ ತಗಡಿನ ಚಾವಣಿ.

ಅದೇ ದಿನ, ಅದೇ ಅಂಗಡಿಯಲ್ಲಿ ಗೆಳೆಯ ತನಗೂ ಒಂದು ಬಾಟಲಿ ಕೊಂಡಿದ್ದ. ಎರಡೂ ಕರ್ನಾಟಕದಲ್ಲೇ ತಯಾರಾದ ಕ್ಯಾಬರ್ನೆ ಸೋವಿನ್ಯೋನ್, ಒಂದೇ ವರ್ಷದ ಬೆಳೆ. ಅವನ ಬಾಟಲಿ 14 ಡಿಗ್ರಿಯ ವೈನ್ ಫ್ರಿಜ್‌ನಲ್ಲಿ ಹಾಯಾಗಿ ಮಲಗಿತ್ತು. ಕಳೆದ ಜನವರಿಯಲ್ಲಿ ಅದನ್ನೂ ಕಾರಿನಲ್ಲಿಟ್ಟುಕೊಂಡು ನಮ್ಮೂರಿಗೆ ಬಂದ. ಹಳೇ ವೈನ್ ಅಂದ್ರೆ ಏನು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇನ್ನೇನು ಬೇಕು?

ಮೊದಲು ನಮ್ಮ ಬಾಟಲಿ

ಕಾರ್ಕಿನ ಪುಡಿಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಗ್ಲಾಸಿಗೆ ಸುರಿದೆವು. ಬಣ್ಣ ಹಳಸಿದ ಚಹಾದ ಹಾಗೆ ಕಂದು. ಮೂಗಿನ ಹತ್ತಿರ ತಂದರೆ ಮೊದಲು ವಿನೆಗರ್ ವಾಸನೆ, ಅದರ ಹಿಂದೆ ತಳ ಹಿಡಿದ ಜಾಮ್. ಬಾಯಲ್ಲಿ ಬರೀ ಹುಳಿ.

ಅಪ್ಪ ಕುಡಿಯುವವರಲ್ಲ. ಆದರೆ ಇಪ್ಪತ್ತು ವರ್ಷ ಒಣದ್ರಾಕ್ಷಿಗೆ ಅಂತ ಥಾಮ್ಸನ್ ಸೀಡ್‌ಲೆಸ್ ಬೆಳೆದವರು. ಗ್ಲಾಸು ಮೂಸಿ ನೋಡಿ ಕೆಳಗಿಟ್ಟರು.

"ಇದು ಹಳೇದಾಗಿಲ್ಲ ತಮ್ಮಾ, ಕೆಟ್ಟೈತಿ."

ಅವರ ಮಾತು ನಿಜ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಹೊರಕ್ಕೆ ತಳ್ಳುತ್ತದೆ, ತಂಪಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ನೆಟ್ಟಗೆ ನಿಲ್ಲಿಸಿದ್ದರಿಂದ ಕಾರ್ಕಿಗೆ ವೈನ್ ತಾಗದೆ ಅದು ಒಣಗಿ ಬಿರುಕು ಬಿಟ್ಟಿತ್ತು. ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಆಮ್ಲ ಮಾಡುತ್ತವೆ. ಹತ್ತು ಬೇಸಿಗೆ ಅಂದ್ರೆ ಹತ್ತು ಸಲ ಬೇಯಿಸಿದ ಹಾಗೆ.

ಆಮೇಲೆ ಅವನ ಬಾಟಲಿ

ಕಾರಿನಲ್ಲಿ ಕುಲುಕಿದ್ದರಿಂದ ಅದನ್ನು ಎರಡು ದಿನ ನೆಟ್ಟಗೆ ನಿಲ್ಲಿಸಿ, ತಳದ ಗಸಿ ಇಳಿಯಲು ಬಿಟ್ಟಿದ್ದ. ಕಾರ್ಕ್ ಇಡಿಯಾಗಿ ಬಂತು. ಮೊಬೈಲ್ ಟಾರ್ಚನ್ನು ಬಾಟಲಿಯ ಕತ್ತಿನ ಹಿಂದೆ ಹಿಡಿದು ಒಂದೇ ಸಮನೆ, ನಿಧಾನಕ್ಕೆ ಜಗ್ಗಿಗೆ ಸುರಿದ. ಗಸಿ ಕತ್ತಿನವರೆಗೆ ಬಂದ ಕೂಡಲೇ ನಿಲ್ಲಿಸಿದ.

ಗ್ಲಾಸನ್ನು ಓರೆ ಮಾಡಿದರೆ ನಡುವೆ ಗಾಢ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಇಳಿಹೊತ್ತಿನ ಬಿಸಿಲಿನಲ್ಲಿ ವಿರೂಪಾಕ್ಷ ಗುಡಿಯ ಮರಳುಗಲ್ಲಿನ ಗೋಡೆ ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಬಣ್ಣ. ವಾಸನೆಯಲ್ಲಿ ತಾಜಾ ಹಣ್ಣಿಲ್ಲ. ಒಣ ಅಂಜೂರ, ತಂಬಾಕು, ಮೊದಲ ಮಳೆ ಬಿದ್ದ ಎರೆಮಣ್ಣು. ಬಾಯಲ್ಲಿ ಮೆತ್ತಗೆ ಹರಡಿ, ನುಂಗಿದ ಮೇಲೂ ಸ್ವಲ್ಪ ಹೊತ್ತು ಉಳಿಯಿತು.

ಇದರ ಗುಟ್ಟು ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಜಗ್ಗುತ್ತದಲ್ಲ, ಅದೇ. ಇಂಗ್ಲಿಷಿನವರು ಟ್ಯಾನಿನ್ ಅನ್ನುತ್ತಾರೆ. ರೆಡ್ ವೈನನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಿಸುವುದರಿಂದ ಅದರಲ್ಲಿ ಒಗರು ಜಾಸ್ತಿ. ಓಕ್ ಪೀಪಾಯಿಯಿಂದಲೂ ಒಂದಿಷ್ಟು ಸೇರುತ್ತದೆ. ವರ್ಷಗಳು ಉರುಳಿದಂತೆ ಈ ಒಗರಿನ ಕಣಗಳು ಬಣ್ಣದ ಕಣಗಳ ಜೊತೆ ಕೊಂಡಿ ಹಾಕಿಕೊಂಡು ದೊಡ್ಡವಾಗುತ್ತವೆ, ಕೆಲವು ಗಸಿಯಾಗಿ ತಳ ಸೇರುತ್ತವೆ. ಬಣ್ಣ ತಿಳಿಯಾಗುತ್ತದೆ, ನಾಲಿಗೆ ಹಿಡಿಯುವ ಗುಣ ಕಮ್ಮಿಯಾಗುತ್ತದೆ.

ಅಪ್ಪ ಬೆರಳ ತುದಿ ಅದ್ದಿ ನಾಲಿಗೆಗೆ ಹಚ್ಚಿಕೊಂಡರು. "ಬೀಜದ ಒಗರು ಇನ್ನೂ ಐತಿ. ಆದ್ರ ಸಿಟ್ಟು ಹೋಗೈತಿ."

ಆದರೂ ಅದು ಸ್ವಲ್ಪ ದಣಿದಿತ್ತು. ಮುಕ್ಕಾಲು ಗಂಟೆಯಲ್ಲಿ ಪರಿಮಳ ಇಳಿಯತೊಡಗಿತು. "ಎರಡ್ಮೂರು ವರ್ಷ ಮೊದ್ಲೇ ತೆಗೀಬೇಕಿತ್ತು ಕಣೋ. ಹತ್ತು ಅನ್ನೋದು ಕೇಳೋಕೆ ಚೆನ್ನಾಗಿದೆ ಅಂತ ಹೇಳ್ಬಿಟ್ಟೆ" ಅಂತ ಗೆಳೆಯನೇ ಒಪ್ಪಿಕೊಂಡ.

ಎಲ್ಲ ವೈನೂ ಕಾಯೋದಕ್ಕಲ್ಲ

ನಿಜ ಹೇಳಬೇಕೆಂದರೆ, ಜಗತ್ತಿನ ಬಹುಪಾಲು ವೈನ್ ತಯಾರಾಗುವುದೇ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲಿಕ್ಕೆ. ಒಗರು, ಹುಳಿ, ಹಣ್ಣಿನ ರುಚಿ ಮೂರೂ ಗಟ್ಟಿಯಾಗಿದ್ದರೆ ಮಾತ್ರ ಕಾದದ್ದಕ್ಕೆ ಬೆಲೆ. ನಮ್ಮ ನಾಡಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ನಿದ್ದೆ ಹೋಗುವುದಿಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಬಿಸಿಲು ಏರುವ ಹೊತ್ತಿಗೆ ಕೊಯ್ಯುತ್ತಾರೆ. ಬಿಸಿಲಿಗೆ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಹಾಗಾಗಿ ದೀರ್ಘಕಾಲ ಬಾಳುವ ವೈನ್ ಇಲ್ಲಿ ಸುಲಭವಲ್ಲ.

ಆದರೂ ಪ್ರಯತ್ನ ನಡೆದಿದೆ. 1988ರಲ್ಲಿ ಶುರುವಾದ ಗ್ರೋವರ್ ಕಂಪನಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿತು. ನಮಗೆ ಇನ್ನೂ ಹತ್ತಿರ ಅಂದ್ರೆ ಹಂಪಿ ಬೆಟ್ಟಗಳ ಕಡೆಯ ಕ್ರಿಸ್ಮಾ ತೋಟ. ಅಲ್ಲಿ ಇದೇ ಕ್ಯಾಬರ್ನೆ ಬೆಳೆಯುತ್ತಾರೆ.

ಹಗೇವು ಮುಚ್ಚಿದ ಮನೆ

ರಾತ್ರಿ ರೊಟ್ಟಿ ಊಟದ ಹೊತ್ತಿಗೆ ಅಪ್ಪ ಹೇಳಿದರು: "ನಮ್ಮ ಮನ್ಯಾಗ ಹಗೇವು ಇತ್ತಲ್ಲ, ಅದರಾಗ ಇಟ್ಟಿದ್ರ ಉಳೀತಿತ್ತೇನೋ."

ಹಗೇವು ಅಂದ್ರೆ ಜೋಳ ಕಾಯ್ದಿಡಲು ನೆಲದೊಳಗೆ ತೋಡಿದ ಕಣಜ. ಕತ್ತಲು, ಅಲುಗಾಟ ಇಲ್ಲ, ಹಗಲು-ರಾತ್ರಿಯ ಬಿಸಿ-ತಂಪಿನ ಏರಿಳಿತವೂ ಇಲ್ಲ. ಯುರೋಪಿನ ವೈನ್ ನೆಲಮಾಳಿಗೆಯ ಲೆಕ್ಕವೂ ಇದೇ. ನಮ್ಮ ನೆಲ 14 ಡಿಗ್ರಿಗೆ ಇಳಿಯುವುದಿಲ್ಲ, ನಿಜ. ಆದರೆ ತಗಡಿನ ಅಟ್ಟಕ್ಕಿಂತ ಸಾವಿರ ಪಾಲು ವಾಸಿ. ನಮ್ಮ ಹಗೇವನ್ನು ಬಚ್ಚಲು ಕಟ್ಟಿಸುವಾಗ ಮುಚ್ಚಿಸಿದ್ದು ನಾನೇ.

ನಿಮ್ಮ ಮನೆಯಲ್ಲೂ ಒಂದು ಬಾಟಲಿ ಇದ್ದರೆ

• ಲೇಬಲ್ ಮೇಲಿನ ವರ್ಷ ದ್ರಾಕ್ಷಿ ಕೊಯ್ದ ವರ್ಷ. ಲೆಕ್ಕ ಅಲ್ಲಿಂದ ಹಿಡೀರಿ.
• ಕಾರ್ಕ್ ಬಾಟಲಿಯನ್ನು ಮಲಗಿಸಿಡಿ. ತಿರುಪಿನ ಮುಚ್ಚಳ ಇದ್ದರೆ ನಿಲ್ಲಿಸಿದರೂ ನಡೆಯುತ್ತೆ.
• 12ರಿಂದ 15 ಡಿಗ್ರಿ ಒಳ್ಳೆಯದು. ವೈನ್ ಫ್ರಿಜ್ ಇಲ್ಲದಿದ್ದರೆ ವರ್ಷಗಟ್ಟಲೆ ಇಡುವ ಆಸೆಯನ್ನೇ ಬಿಡಿ. ಅಡುಗೆಮನೆ, ಅಟ್ಟ, ಕಿಟಕಿ ಪಕ್ಕ ಬೇಡವೇ ಬೇಡ.
• ಹಳೇ ರೆಡ್ ವೈನ್ 16-18 ಡಿಗ್ರಿಯಲ್ಲಿರಲಿ. ಸುರಿದ ಮೇಲೆ ತುಂಬಾ ಹೊತ್ತು ಗಾಳಿಗೆ ಬಿಡಬೇಡಿ.

ಹೊರಡುವಾಗ ಗೆಳೆಯ ಇನ್ನೊಂದು ಬಾಟಲಿ ಕೈಗಿಟ್ಟ. "ಎಷ್ಟು ವರ್ಷ?" ಅಂತ ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಮುಂದಿನ ಶನಿವಾರ" ಅಂದಳು.

ಅವ್ವ ನಮ್ಮ ಹಳೇ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು, ಕುಸುಬಿ ಎಣ್ಣೆ ತುಂಬಿ ಮತ್ತೆ ಅಟ್ಟದ ಮೇಲೆ ಇಟ್ಟಿದ್ದಾಳೆ. ನೆಟ್ಟಗೆ.