ಹಾಸಿಗೆಯ ಮೇಲಿದ್ದರೂ ಒಳರೋಗಿಯಲ್ಲ!

"ಡಾಕ್ಟ್ರೇ, ಹೆಂಗೂ ಇನ್ಶೂರೆನ್ಸ್ ಐತೆ, ಒಂದಿನ ಅಡ್ಮಿಟ್ ಮಾಡ್ಕಂಡು ಎಲ್ಲಾ ಟೆಸ್ಟೂ ಮಾಡ್ಸಿಬುಡಿ."

ಹುಣಸೂರು, ಪಿರಿಯಾಪಟ್ಟಣದ ಕಡೆಯ ರೋಗಿಗಳಿಂದ ಈ ಮಾತನ್ನು ಆಗಾಗ ಕೇಳುತ್ತಿರುತ್ತೇನೆ. ಹೊಗೆಸೊಪ್ಪು ಮಾರಿದ ಹಣದಲ್ಲಿ ವರ್ಷ ವರ್ಷ ಕಂತು ಕಟ್ಟಿದವರಿಗೆ ಹೀಗೆನ್ನಿಸುವುದು ಸಹಜವೇ. ಆದರೆ ಬರೀ ಪರೀಕ್ಷೆಗೆಂದು ದಾಖಲಾದರೆ, ಚಿಕಿತ್ಸೆ ಏನೂ ನಡೆಯದಿದ್ದರೆ, ಕಂಪನಿ ಹಣ ಕೊಡುವುದಿಲ್ಲ. ಸುಳ್ಳು ದಾಖಲೆ ಬರೆದುಕೊಡಿ ಎಂದು ದಯವಿಟ್ಟು ವೈದ್ಯರನ್ನು ಕೇಳಬೇಡಿ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾದೀತು.

ಆಸ್ಪತ್ರೆಗೆ ಬಂದು ತೋರಿಸಿಕೊಂಡು ಮನೆಗೆ ಹೋಗುವವರು ಹೊರರೋಗಿಗಳು. ಇದು ಎಲ್ಲರಿಗೂ ಗೊತ್ತು. ತೊಡಕು ಇರುವುದು ನಡುವಿನ ಸ್ಥಿತಿಯಲ್ಲಿ. ತುರ್ತು ವಿಭಾಗದಲ್ಲಿ ಡ್ರಿಪ್ ಹಾಕಿಸಿಕೊಂಡು ಏಳೆಂಟು ಗಂಟೆ ಮಲಗಿದವರನ್ನು ಆಸ್ಪತ್ರೆಯ ಪುಸ್ತಕದಲ್ಲಿ 'ನಿಗಾ' ಎಂದಷ್ಟೇ ಬರೆದಿರಬಹುದು. ಸಾಮಾನ್ಯ ಆರೋಗ್ಯ ವಿಮೆಯ ಪ್ರಕಾರ ಒಳರೋಗಿ ಎನಿಸಿಕೊಳ್ಳಲು 24 ಗಂಟೆ ದಾಖಲಾಗಿರಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕೀಮೋಥೆರಪಿ ಮುಂತಾದ 'ಡೇ ಕೇರ್' ಚಿಕಿತ್ಸೆಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ಇದು ನಮ್ಮಲ್ಲಷ್ಟೇ ಇರುವ ಗೋಳಲ್ಲ. ಅಮೆರಿಕದ ಮೆಡಿಕೇರ್‌ನಲ್ಲೂ ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದ ವೃದ್ಧರು ಕಾಗದದ ಮೇಲೆ ಹೊರರೋಗಿಗಳಾಗಿಯೇ ಉಳಿದು, ಬಿಲ್ಲು ನೋಡಿ ಬೆಚ್ಚಿಬೀಳುವುದುಂಟು.

ಎಚ್.ಡಿ. ಕೋಟೆ ಕಡೆಯ ರೈತರೊಬ್ಬರಿಗೆ ಸಂಜೆ ಹೊಲದಲ್ಲಿ ಹಾವು ಕಚ್ಚಿತು. ಮೈಸೂರಿನ ಖಾಸಗಿ ಆಸ್ಪತ್ರೆಗೆ ರಾತ್ರಿ 8ಕ್ಕೆ ದಾಖಲಾದರು. ಬೆಳಿಗ್ಗೆ ಆರಾಮಾಗಿದ್ದರು. ಬ್ಯಾರನ್‌ನಲ್ಲಿ ಸೊಪ್ಪು ಬೇಯುತ್ತಿದೆ, ಬೆಂಕಿ ನೋಡುವವರಿಲ್ಲ ಎಂದು ಮನೆಯವರು ಹಟ ಹಿಡಿದು ಮಧ್ಯಾಹ್ನ 2ಕ್ಕೆ ಕರೆದುಕೊಂಡು ಹೊರಟರು. ಒಟ್ಟು 18 ಗಂಟೆ. ಕ್ಲೇಮು ತಿರಸ್ಕೃತವಾಯಿತು. ಕಾಗದ ಹಿಡಿದು ನನ್ನ ಬಳಿ ಬಂದಾಗ ನನಗೆ ಹಣಕ್ಕಿಂತ ಹೆಚ್ಚಾಗಿ ಗಾಬರಿಯಾದದ್ದು ಬೇರೆಯದಕ್ಕೆ. ಕಟ್ಟುಹಾವು ಕಚ್ಚಿದಾಗ ನೋವು, ಊತ ಇಲ್ಲದೆಯೂ ಗಂಟೆಗಳ ನಂತರ ರೆಪ್ಪೆ ಜೋತು ಉಸಿರಾಟ ನಿಲ್ಲಬಹುದು. ಆದ್ದರಿಂದಲೇ ಲಕ್ಷಣಗಳು ಕಾಣದಿದ್ದರೂ 24 ಗಂಟೆ ನಿಗಾ ಬೇಕೆನ್ನುವುದು. ಅವರ ಅದೃಷ್ಟ ಚೆನ್ನಾಗಿತ್ತು. ಅಂದಹಾಗೆ, ಸರ್ಕಾರಿ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಉಚಿತ. ಹಾವು ಕಚ್ಚಿದಾಗ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಓಡಿ, ವಿಮೆಯ ಯೋಚನೆ ಆಮೇಲೆ.

ದಾಖಲಾಗುವಾಗ ಇಷ್ಟನ್ನು ಕೇಳಿಕೊಳ್ಳಿ: ರೋಗಿಯನ್ನು ಅಡ್ಮಿಟ್ ಮಾಡಿದ್ದೀರಾ, ಇಲ್ಲವೇ ನಿಗಾದಲ್ಲಷ್ಟೇ ಇಟ್ಟಿದ್ದೀರಾ? ಡಿಸ್‌ಚಾರ್ಜ್ ಕಾಗದದಲ್ಲಿ ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ, ಗಂಟೆ ಎರಡೂ ಇರಲಿ. ದಾಖಲಾಗಲು ವೈದ್ಯಕೀಯ ಕಾರಣವೇನೆಂಬುದನ್ನೂ ಬರೆಸಿಕೊಳ್ಳಿ.

ಹೊರರೋಗಿಯಾಗಿ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮವೆಂದು ತಿಳಿಯಬೇಕಿಲ್ಲ. 2020ರಲ್ಲಿ ಜಾರಿಗೆ ಬಂದ 'ಆರೋಗ್ಯ ಸಂಜೀವಿನಿ' ಪಾಲಿಸಿಯಲ್ಲಿ, ದಾಖಲಾಗುವ ಹಿಂದಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನ ಅದೇ ಕಾಯಿಲೆಗೆ ಆದ ಖರ್ಚೂ ಸೇರುತ್ತದೆ. ಕೆ.ಆರ್. ನಗರದಲ್ಲಿ ಎದೆನೋವಿಗೆ ಇಸಿಜಿ ತೆಗೆಸಿದ ರಸೀತಿ, ವಾರದ ನಂತರ ಮೈಸೂರಿನಲ್ಲಿ ಆಂಜಿಯೋಪ್ಲಾಸ್ಟಿ ಆದಾಗ ಕೆಲಸಕ್ಕೆ ಬರುತ್ತದೆ. ಆದರೆ ನಮ್ಮವರು ಬೀಡಿ ಕಟ್ಟಿನ ಜೊತೆ ಜೇಬಿನಲ್ಲಿಟ್ಟುಕೊಂಡು ಅದನ್ನು ಒಗೆಯಲು ಹಾಕಿಬಿಡುತ್ತಾರೆ!

ಸರ್ಕಾರಿ ಯೋಜನೆಗಳಲ್ಲೂ ಒಳ-ಹೊರ ಭೇದ ಇದ್ದೇ ಇದೆ. 2018ರಲ್ಲಿ ಆರಂಭವಾದ 'ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ'ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಜ್ವರ, ಬಿಪಿ, ಸಕ್ಕರೆ ಕಾಯಿಲೆಗೆ ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದ ಖರ್ಚು ಇದರಲ್ಲಿ ಸಿಗದು. ಖಾಸಗಿ ಆಸ್ಪತ್ರೆಗೆ ಹೋಗಲು ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ 2018ರಲ್ಲಿ ನಿಂತು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಅಲ್ಲಿಯೂ ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಒಪ್ಪಂದವಿರುವ ಆಸ್ಪತ್ರೆಯಲ್ಲಿ ಮಾತ್ರ ಸೌಲಭ್ಯ.

ಖಾಸಗಿ ಕಂಪನಿ ನ್ಯಾಯವಲ್ಲದ ಕಾರಣಕ್ಕೆ ಕ್ಲೇಮು ತಳ್ಳಿಹಾಕಿದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಬರೆಯಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ.